ತೆರಕಣಾಂಬಿಯ ಮಂತ್ರಿ, ಮೈಸೂರಿನ ಕನ್ನಡ

ಗುಂಡ್ಲುಪೇಟೆಯಿಂದ ಚಾಮರಾಜನಗರದ ದಾರಿ ಹಿಡಿದರೆ ಸುಮಾರು 12 ಕಿ.ಮೀ.ಗೆ ತೆರಕಣಾಂಬಿ. ಅರಿಸಿನ, ಬಾಳೆ, ತರಕಾರಿ ಬೆಳೆಯುವ ಸೀಮೆ. ಈಗ ಬರಿಯ ಹೋಬಳಿ ಕೇಂದ್ರವಾದರೂ ವಿಜಯನಗರದ ಕಾಲದಲ್ಲಿ ಇದು ಸುತ್ತಣ ನಾಡಿನ ಆಡಳಿತದ ಊರು. ಲಕ್ಷ್ಮೀವರದರಾಜಸ್ವಾಮಿ ದೇಗುಲವನ್ನೂ ಹತ್ತಿರದ ತ್ರಿಯಂಬಕಪುರದ ಶಿವಾಲಯವನ್ನೂ ನೋಡಿದರೆ ಆ ಹಿರಿಮೆ ತಿಳಿಯುತ್ತದೆ. 17ನೇ ಶತಮಾನದ ಮೊದಲ ಭಾಗದಲ್ಲಿ ಊರು ಮೈಸೂರು ಒಡೆಯರ ಕೈಸೇರಿತು.

ನನ್ನ ಮಟ್ಟಿಗೆ ತೆರಕಣಾಂಬಿ ಎಂದರೆ ಮೊದಲು ಚಿಕುಪಾಧ್ಯಾಯನ ಊರು. ಚಿಕ್ಕದೇವರಾಜ ಒಡೆಯರ (1673–1704) ಮಂತ್ರಿಯಾಗಿದ್ದವನು ಅವನು. ಆ ಅರಸರೂ ಪಟ್ಟಕ್ಕೆ ಬರುವ ಮೊದಲು ಇದೇ ಗುಂಡ್ಲುಪೇಟೆ ತಾಲ್ಲೂಕಿನ ಹಂಗಳದಲ್ಲಿ ದಿನ ಕಳೆದವರು. ಶ್ರೀವೈಷ್ಣವರ ಗ್ರಂಥಗಳು ಆಗ ಸಂಸ್ಕೃತ, ತಮಿಳು ಬಲ್ಲವರಿಗಷ್ಟೇ ದಕ್ಕುತ್ತಿದ್ದವು. ಚಿಕುಪಾಧ್ಯಾಯ ಅವನ್ನು ಚಂಪುವಿನಲ್ಲಿ, ಸಾಂಗತ್ಯದಲ್ಲಿ, ಗದ್ಯದಲ್ಲಿ ಕನ್ನಡಕ್ಕೆ ತಂದ. ಶ್ರೀರಂಗದ ಮಹಿಮೆಯನ್ನು ಕನ್ನಡದಲ್ಲಿ ಹೇಳಿದವನೇ ತನ್ನೂರ ಕಡೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೂ ‘ಕಮಲಾಚಲ ಮಾಹಾತ್ಮ್ಯ’ ಬರೆದ. ದೂರದ ಮಹಾಕ್ಷೇತ್ರದ ಸಾಲಿನಲ್ಲಿ ನಮ್ಮ ಕಾಡಂಚಿನ ಬೆಟ್ಟವನ್ನು ನಿಲ್ಲಿಸಿದ್ದು ಸಣ್ಣ ಕೆಲಸವಲ್ಲ.

ಅದೇ ಆಸ್ಥಾನದಲ್ಲಿ ಸಂಚಿ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದಳು. ಅದೇ ಆಳ್ವಿಕೆಯಲ್ಲಿ ಅಂಚೆ ವ್ಯವಸ್ಥೆ ಬಂತು, ಹದಿನೆಂಟು ಕಚೇರಿಗಳು ಬಂದವು. ತೆರಿಗೆ ಭಾರಕ್ಕೆ ರೈತರು ದಂಗೆಯೆದ್ದದ್ದೂ ಆಗಲೇ. ಅದನ್ನು ಮುಚ್ಚಿಟ್ಟು ಆ ಕಾಲವನ್ನು ಹೊಗಳಲಾಗದು. ಆದರೂ ಹೊಸ ಆಡಳಿತ, ಹಳೆಯ ಭಕ್ತಿ, ನಾಡಿನ ನುಡಿ ಮೂರನ್ನೂ ಒಟ್ಟಿಗೆ ಹಿಡಿದ ಮೈಸೂರು ರೂಪುಗೊಂಡದ್ದು ಅಲ್ಲಿಯೇ.

ಪರಂಪರೆ ಬಿಡದೆ ಹೊಸತಾಗುವ ಮಾತು ಬಂದರೆ ನಾವು ಜಪಾನಿನತ್ತ ಕೈ ತೋರಿಸುತ್ತೇವೆ. ತಪ್ಪೇನಿಲ್ಲ. ಚೀನಾದ ಲಿಪಿಯನ್ನು ತನ್ನ ನುಡಿಗೆ ಒಗ್ಗಿಸಿಕೊಂಡ ಆ ದೇಶ 1868ರ ನಂತರ ಪಶ್ಚಿಮದ ರೈಲು, ಕಾರ್ಖಾನೆ, ಶಾಲೆಗಳನ್ನೂ ಹಾಗೆಯೇ ಒಗ್ಗಿಸಿಕೊಂಡಿತು. 1898ರಲ್ಲಿ ವಿಶ್ವೇಶ್ವರಯ್ಯನವರು ಅಲ್ಲಿಗೆ ಹೋಗಿ ಕಣ್ಣಾರೆ ಕಂಡು ಬಂದರು. ಅವರು ದಿವಾನರಾಗಿದ್ದಾಗಲೇ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದವು. ಹೊರಗಿನದನ್ನು ತಂದು ತನ್ನದಾಗಿಸಿಕೊಳ್ಳುವ ಈ ವಿದ್ಯೆ ಮೈಸೂರು ಸೀಮೆಗೆ ಹೊಸದಲ್ಲವೆಂಬುದಕ್ಕೆ ತೆರಕಣಾಂಬಿಯ ಮಂತ್ರಿಯೇ ಸಾಕ್ಷಿ.

ಗೋಪಾಲಸ್ವಾಮಿ ಬೆಟ್ಟಕ್ಕೆ ಬರುವವರು ಅರ್ಧ ದಿನ ತೆರಕಣಾಂಬಿಗೂ ಕೊಡಬೇಕು. ಇಲ್ಲಿನ ಶಾಲೆಯ ಮಕ್ಕಳಿಗಂತೂ ಚಿಕುಪಾಧ್ಯಾಯನ ಗದ್ಯದ ಒಂದು ಪುಟವನ್ನಾದರೂ ಓದಿಸಬೇಕು.