ಬಲ ಬೇರೆ, ಗುಣ ಬೇರೆ

ಸೆಟ್‌ಟಾಪ್ ಬಾಕ್ಸಿನ ಮೆನು ತೆರೆದರೆ ಎರಡು ಪಟ್ಟಿ ಕಾಣುತ್ತವೆ: ಸಿಗ್ನಲ್ ಸ್ಟ್ರೆಂತ್, ಸಿಗ್ನಲ್ ಕ್ವಾಲಿಟಿ. ನವಲಗುಂದದ ಎರೆಸೀಮೆಯ ಮಾಳಿಗೆಯಾಗಲಿ, ಕಲಘಟಗಿಯ ಹಂಚಿನ ಮನೆಯಾಗಲಿ, ಗಾಳಿಗೆ ಸರಿದ ಡಿಶ್ ತಿರುಗಿಸುವವರ ಗಮನವೆಲ್ಲ ಸಾಮಾನ್ಯವಾಗಿ ಮೊದಲ ಪಟ್ಟಿಯ ಮೇಲೆ. ಸ್ಟ್ರೆಂತ್ ಎಂಬತ್ತಕ್ಕೆ ಏರಿದರೂ ಪರದೆ ಖಾಲಿ. ‘ಡಿಜಿಟಲ್ ಅಂದರೆ ಕ್ಲಿಯರ್, ಅನಲಾಗ್ ಅಂದರೆ ಹಳೇದು’ ಎಂಬ ರೂಢಿಯ ಮಾತು ಈ ಒಗಟನ್ನು ಬಿಡಿಸುವುದಿಲ್ಲ. ಎರಡರ ನಡುವಿನ ದೊಡ್ಡ ಅಂತರ ಇರುವುದು ಚಿತ್ರದ ಅಂದದಲ್ಲಲ್ಲ, ಅದು ಕೆಡುವ ರೀತಿಯಲ್ಲಿ.

ಟಿವಿ ಚಿತ್ರ ಮೂಲತಃ ನೇಯ್ಗೆಯ ಕೆಲಸ. ನವಲಗುಂದದ ಜಮಖಾನೆಯನ್ನು ಹೆಣ್ಣುಮಕ್ಕಳು ಹೊಕ್ಕಿನ ಎಳೆ ಒಂದರ ಮೇಲೊಂದು ಕೂರಿಸಿ ನೇಯುವಂತೆ, 1982ರಲ್ಲಿ ಭಾರತಕ್ಕೆ ಬಣ್ಣದ ಪ್ರಸಾರ ತಂದ ‘ಪಾಲ್’ ಪದ್ಧತಿ 625 ಗೆರೆಗಳಲ್ಲಿ ಚಿತ್ರ ನೇಯುತ್ತಿತ್ತು, ಸೆಕೆಂಡಿಗೆ 25 ಸಲ. ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು, ಇದೇ ಇಂಟರ್‌ಲೇಸಿಂಗ್. (ಯಾವ ನೇಕಾರಳೂ ಹೀಗೆ ಎಳೆ ಬಿಟ್ಟು ಎಳೆ ನೇಯಲೊಪ್ಪಳು. ಆದರೆ ಪರದೆ ಮಿಣುಕದಂತೆ ಕಣ್ಣನ್ನು ನಂಬಿಸಲು ಈ ಉಪಾಯ ಸಾಕಾಗಿತ್ತು.) ಒಂದು ಗೆರೆಗೆ 64 ಮೈಕ್ರೋಸೆಕೆಂಡ್, ಅದರಲ್ಲಿ ಚಿತ್ರಕ್ಕೆ ಸಿಗುವುದು 52. ಗೆರೆಯುದ್ದಕ್ಕೂ ಬೆಳಕಿನ ಏರಿಳಿತವೇ ಅಲೆಯ ಏರಿಳಿತ. ಹಾಗಾಗಿ ಅಲೆಗೆ ಏನಾದರೂ ಅದು ಚಿತ್ರದಲ್ಲಿ ಮೂಡಲೇಬೇಕು. ಅಲೆ ಸೊರಗಿದರೆ ಪರದೆ ತುಂಬ ಇರುವೆ ಹರಿದಾಡಿದಂತೆ ಚುಕ್ಕಿ. ಗುಡ್ಡಕ್ಕೆ ಬಡಿದು ಒಂದೂವರೆ ಕಿಲೋಮೀಟರ್ ಸುತ್ತಿ ಬಂದ ಅಲೆ 5 ಮೈಕ್ರೋಸೆಕೆಂಡ್ ತಡ ಮಾಡುತ್ತದೆ. ವಾರ್ತೆ ಓದುವವರ ಮುಖದ ಬಲಕ್ಕೆ, ಪರದೆಯ ಅಗಲದ ಹತ್ತನೇ ಒಂದರಷ್ಟು ದೂರದಲ್ಲಿ, ಇನ್ನೊಂದು ಮಸುಕು ಮುಖ. ಆ ನೆರಳನ್ನು ಅಳೆದರೆ ಅಲೆ ಎಷ್ಟು ಸುತ್ತಿ ಬಂತೆಂದು ಲೆಕ್ಕ ಹಾಕಬಹುದಿತ್ತು. ಅನಲಾಗ್ ತನ್ನ ಕಾಯಿಲೆಯನ್ನು ಮುಚ್ಚಿಡುತ್ತಿರಲಿಲ್ಲ.

ಡಿಜಿಟಲ್ ಮುಚ್ಚಿಡುತ್ತದೆ. ಅಗಲಕ್ಕೆ 720, ಎತ್ತರಕ್ಕೆ 576 ಚುಕ್ಕಿಗಳ ಸಾದಾ ಚಿತ್ರವನ್ನು ಇದ್ದಂತೆಯೇ ಅಂಕಿಗಳಾಗಿ ಕಳಿಸಿದರೆ ಸೆಕೆಂಡಿಗೆ ಸುಮಾರು 12.4 ಕೋಟಿ ಬಿಟ್ ಬೇಕು. ಅದೂ ನಾಲ್ಕು ಚುಕ್ಕಿಗೆ ಒಂದೇ ಬಣ್ಣ ಹಂಚಿ ಉಳಿಸಿದ ಮೇಲಿನ ಲೆಕ್ಕ. ನಮ್ಮ ಕಣ್ಣಿಗೆ ಬೆಳಕಿನ ಸೂಕ್ಷ್ಮ ತಿಳಿದಷ್ಟು ಬಣ್ಣದ ಸೂಕ್ಷ್ಮ ತಿಳಿಯದು. ಈ ಅಂಕಿಗಳ ರಾಶಿಯನ್ನು ಎಂಪೆಗ್ ಸಂಕೋಚನ ಕೆಲವೇ ಮೆಗಾಬಿಟ್‌ಗಳಿಗೆ ಹಿಂಡುತ್ತದೆ: ಚಿತ್ರವನ್ನು ಚೌಕಗಳಾಗಿ ಕತ್ತರಿಸಿ, ಹೆಚ್ಚಿನ ಸಲ ಹಿಂದಿನ ಚಿತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಕಳಿಸುತ್ತದೆ. ಕೂತು ಹಾಡುವ ಗಾಯಕರಿಗೆ ಇದು ಧಾರಾಳ. ನವಲಗುಂದದ ರಾಮಲಿಂಗ ಕಾಮಣ್ಣನ ಹೋಳಿಯಲ್ಲಿ ಹಾರುವ ಬಣ್ಣದ ಪುಡಿಗೆ ಸಾಲದು. ಪ್ರತಿ ಕಣವೂ ಹೊಸತಾದಾಗ ಬಿಟ್‌ಗಳು ಮುಗಿದು ಬಣ್ಣ ಚೌಕ ಚೌಕವಾಗುತ್ತದೆ. ಹಾಗಾದರೆ ಹಳೆಯದನ್ನೇ ಉಳಿಸಿಕೊಳ್ಳಬೇಕಿತ್ತೇ? ಇಲ್ಲ. ಒಂದು ಅನಲಾಗ್ ವಾಹಿನಿ ಹಿಡಿಯುತ್ತಿದ್ದ ಜಾಗದಲ್ಲಿ ಡಿಜಿಟಲ್ ಹಲವು ವಾಹಿನಿಗಳನ್ನು ಕೂರಿಸುತ್ತದೆ. ಹಳ್ಳಿಗಳ ಕೇಬಲ್ ಡಿಜಿಟಲ್ ಆಗಲು 2017ರ ಮಾರ್ಚ್ 31ರ ಗಡುವು ಬಿದ್ದದ್ದರ ಹಿಂದೆ ಈ ಲೆಕ್ಕವೂ ಇತ್ತು. ಲಾಭ ನಿಜ, ಆದರೆ ಅದು ಮೊದಲಿಗೆ ಜಾಗದ ಲಾಭ.

ಅನಲಾಗ್ ಕಾಲದಲ್ಲೂ ಗಾಳಿಮಳೆಗೆ ಚಿತ್ರ ಕೆಡುತ್ತಿತ್ತಲ್ಲ ಎನ್ನಬಹುದು. ಕೆಡುತ್ತಿತ್ತು, ಮೆಲ್ಲಗೆ. ಡಿಜಿಟಲ್‌ನಲ್ಲಿ ಬಂದ ಅಂಕಿಗಳ ಸಣ್ಣ ತಪ್ಪುಗಳನ್ನು ಬಾಕ್ಸ್ ತಾನೇ ತಿದ್ದಿಕೊಳ್ಳುತ್ತದೆ; ತಿದ್ದಲಾಗದಷ್ಟು ತಪ್ಪಾದ ಕ್ಷಣಕ್ಕೆ ಬಂಡೆಯಂಚಿನಿಂದ ಬಿದ್ದಂತೆ ಎಲ್ಲವೂ ನಿಲ್ಲುತ್ತದೆ. ಡಿಶ್‌ಗೆ ಬರುವ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್, ಮಳೆಯ ದಪ್ಪ ಹನಿಗಳು ಅದನ್ನು ಹೀರಿ ಚದುರಿಸುತ್ತವೆ. ಇಲ್ಲಿ ಲೆಕ್ಕಕ್ಕೆ ಬರುವುದು ವರ್ಷದ ಮಳೆಯಲ್ಲ, ಗಂಟೆಗೆ ಸುರಿಯುವ ರಭಸ. ಹೀಗಾಗಿ ಕಲಘಟಗಿಯಲ್ಲಿ ದಿನವಿಡೀ ಹಿಡಿದ ಜಿಟಿಜಿಟಿ ಮಳೆಗೆ ಜಗ್ಗದ ಚಿತ್ರ, ಅಣ್ಣಿಗೇರಿಯ ಬಯಲಲ್ಲಿ ಗುಡುಗಿ ಸುರಿದ ಹತ್ತು ನಿಮಿಷದ ಮಳೆಗೆ ಮಾಯವಾಗಬಹುದು.

ಈಗ ಆ ಎರಡು ಪಟ್ಟಿ. ಸ್ಟ್ರೆಂತ್ ಎಂದರೆ ಬಾಕ್ಸಿಗೆ ಬಂದ ಒಟ್ಟು ಶಕ್ತಿ. ಪಕ್ಕದ ಉಪಗ್ರಹದ್ದೂ, ಬರೀ ಗದ್ದಲವೂ ಅದರಲ್ಲಿ ಸೇರುತ್ತವೆ. ಕ್ವಾಲಿಟಿ ಎಂದರೆ ಗದ್ದಲದ ನಡುವೆ ಅಂಕಿಗಳು ಎಷ್ಟು ತಪ್ಪಿಲ್ಲದೆ ಕೈಸೇರಿದವು ಎಂಬುದು. ಸಂತೆಯಲ್ಲಿ ದನಿ ದೊಡ್ಡದಿದ್ದ ಮಾತ್ರಕ್ಕೆ ಮಾತು ತಿಳಿಯುವುದಿಲ್ಲವಲ್ಲ. ಹಾಗಾದರೆ ಡಿಶ್ ಎತ್ತ ತಿರುಗಿಸಬೇಕು? ದೂರದರ್ಶನದ ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ ಪೂರ್ವ ರೇಖಾಂಶ 93.5 ಡಿಗ್ರಿಯ ಮೇಲಿದೆ. ಧಾರವಾಡ ಜಿಲ್ಲೆಯಿಂದ ನೋಡಿದರೆ ಆಗ್ನೇಯಕ್ಕೆ, ದಿಗಂತದಿಂದ ಸುಮಾರು 62 ಡಿಗ್ರಿ ಮೇಲೆ. ಚಿಕ್ಕ ಡಿಶ್‌ನ ಬುಟ್ಟಿ ಅಷ್ಟು ಮೇಲಕ್ಕೆ ನೋಡುತ್ತಿರುವಂತೆ ಕಾಣುವುದಿಲ್ಲ, ಅದರ ಬಾಗು ಹಾಗಿದೆ. ಕಣ್ಣಳತೆ ಮೋಸ ಮಾಡುವುದು ಅಲ್ಲೇ. ಕೂದಲೆಳೆಯಷ್ಟು ತಿರುಗಿಸಿ ಕ್ವಾಲಿಟಿಯ ತುದಿ ಹುಡುಕಬೇಕು. ಸುಡುಬಿಸಿಲಿನ ದಿನವೇ ಆ ಪಟ್ಟಿ ಅಂಚಿನಲ್ಲಿದ್ದರೆ, ಚಿತ್ರ ಎಷ್ಟೇ ಹೊಳೆಯುತ್ತಿರಲಿ, ಮೊದಲ ಅಡ್ಡಮಳೆಗೇ ಹೋಗುತ್ತದೆ.