ಬಾಡಿಗೆ ಬಾಕಿ: ಬಿಗಿ ಎಲ್ಲಿ, ಸಡಿಲ ಎಲ್ಲಿ?

ಬಾಡಿಗೆ ತಡವಾದಾಗ ಮನೆ ಮಾಲೀಕರು ಎಷ್ಟು ಬಿಗಿಯಾಗಿರಬೇಕು ಎಂಬುದು ಅವರವರ ಸ್ವಭಾವಕ್ಕೆ ಬಿಟ್ಟ ಮಾತೆಂದು ತೋರಿದರೂ, ಭಾರತದ ಕಾನೂನು ಅದಕ್ಕೊಂದು ಕ್ರಮವನ್ನು ಹಾಕಿಕೊಟ್ಟಿದೆ.

ಕರ್ನಾಟಕ ಬಾಡಿಗೆ ಅಧಿನಿಯಮ, 1999ರ ಪ್ರಕಾರ ಬಾಕಿ ಕೇಳಿ ನೋಟಿಸ್ ಕೊಟ್ಟ ಮೇಲೂ ಎರಡು ತಿಂಗಳೊಳಗೆ ಪೂರ್ತಿ ಹಣ ಸಲ್ಲದಿದ್ದರೆ ತೆರವು ಕೋರಿ ನ್ಯಾಯಾಲಯಕ್ಕೆ ಹೋಗಬಹುದು. ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಈ ಅಧಿನಿಯಮ ಹೊರಗಿಟ್ಟಿರುವುದರಿಂದ, ಇಂದಿನ ಹೆಚ್ಚಿನ ಮನೆಗಳಿಗೆ 1882ರ ಸ್ವತ್ತು ವರ್ಗಾವಣೆ ಅಧಿನಿಯಮವೇ ಆಧಾರ. ಅದರಂತೆ, ಬಾಡಿಗೆ ತಪ್ಪಿದರೆ ಮನೆಯನ್ನು ಮರಳಿ ವಶಕ್ಕೆ ಪಡೆಯಬಹುದೆಂಬ ಷರತ್ತನ್ನು ಕರಾರಿನಲ್ಲೇ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಮಾಲೀಕರು ಆ ಕಾರಣಕ್ಕೆ ಲಿಖಿತ ನೋಟಿಸ್ ಕೊಟ್ಟು ಅದನ್ನು ಅವಧಿಗೆ ಮೊದಲೇ ಮುಗಿಸಬಲ್ಲರು. ಹಾಗೆ ಮುಗಿಸಿದ ಮೇಲೆ ಮುಂದಿನ ತಿಂಗಳ ಬಾಡಿಗೆಯನ್ನು ದಾವೆಗೆ ಮೊದಲು ಸ್ವೀಕರಿಸಿದರೆ, ರದ್ದತಿಯ ಹಕ್ಕನ್ನು ತಾವೇ ಬಿಟ್ಟುಕೊಟ್ಟಂತಾಗುತ್ತದೆ. ದಾವೆ ವಿಚಾರಣೆಗೆ ಬಂದಾಗಲೂ ಬಾಡಿಗೆದಾರರು ಬಾಕಿ, ಬಡ್ಡಿ ಮತ್ತು ಖರ್ಚನ್ನು ಕಟ್ಟಿದರೆ, 114ನೇ ಕಲಮಿನಡಿ ನ್ಯಾಯಾಲಯ ಅವರನ್ನು ಮನೆಯಲ್ಲೇ ಉಳಿಸಬಹುದು. ಅಂದರೆ ಕಾನೂನಿನ ದೃಷ್ಟಿಯಲ್ಲಿ ಈ ಷರತ್ತು ಬಾಡಿಗೆ ವಸೂಲಿಗೆ ಇಟ್ಟ ಭದ್ರತೆ. ತೆರವು ಅದರ ಕೊನೆಯ ಮೆಟ್ಟಿಲು.

ಬೀಗ ಬದಲಿಸುವುದು, ಸಾಮಾನು ಹೊರಗೆ ಹಾಕುವುದು ಮುಂತಾದ ಅವಸರದ ಬಿಗಿ ಮಾಲೀಕರಿಗೇ ತಿರುಗುಬಾಣವಾಗುತ್ತದೆ. ಕಾನೂನುಕ್ರಮ ಬಿಟ್ಟು ಹೊರಹಾಕಲ್ಪಟ್ಟವರು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ವಿಳಂಬಕ್ಕೆ ಮನಸ್ಸಿಗೆ ಬಂದಷ್ಟು ದಂಡ ಬರೆದುಕೊಂಡರೂ, 1872ರ ಕರಾರು ಅಧಿನಿಯಮದ 74ನೇ ಕಲಮಿನಂತೆ ದಕ್ಕುವುದು ಆ ಮೊತ್ತವನ್ನು ಮೀರದ ನ್ಯಾಯವಾದ ಪರಿಹಾರವಷ್ಟೇ.

ಹಾಗೆಂದು ಸುಮ್ಮನಿರುವುದೂ ಜಾಣತನವಲ್ಲ. ‘ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ’ ಎಂಬ ಮಾತಿಗೆ ತಿಂಗಳುಗಟ್ಟಲೆ ಒಪ್ಪುತ್ತ ಹೋದರೆ, ಮನೆಗೆ ಆಗಬಹುದಾದ ಹಾನಿಗೂ ಕೊನೆಯ ಬಿಲ್ಲುಗಳಿಗೂ ಇಟ್ಟ ಮುಂಗಡ ಕರಗಿಹೋಗಿ, ಮಾತುಕತೆಗೆ ಕುಳಿತಾಗ ಮಾಲೀಕರ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಆದ್ದರಿಂದ ಬಿಗಿ ಇರಬೇಕಾದುದು ದಿನಾಂಕ, ರಸೀದಿ ಮತ್ತು ಬರಹದಲ್ಲಿ: ಬಾಡಿಗೆ ತಪ್ಪಿದ ವಾರದಲ್ಲೇ ಬರಹದಲ್ಲಿ ನೆನಪಿಸಿ, ಸಂಬಳ ತಡವಾದ ಹಳೆಯ ಬಾಡಿಗೆದಾರರಿಗೆ ಕಂತು ಕೊಟ್ಟು, ಆ ಒಪ್ಪಂದಕ್ಕೂ ಸಹಿ ಪಡೆಯುವವರಿಗೆ ನ್ಯಾಯಾಲಯದ ಮೆಟ್ಟಿಲು ಹತ್ತುವ ಪ್ರಸಂಗ ಅಪರೂಪ; ಹತ್ತಬೇಕಾಗಿ ಬಂದರೂ ಆ ಕಾಗದಗಳೇ ಅವರ ಪರವಾಗಿ ಸಾಕ್ಷಿ ನುಡಿಯುತ್ತವೆ.