ಬಣ್ಣ ಹಚ್ಚುವುದಕ್ಕೆ ಮೊದಲು

ಸುಗ್ಗಿ ಮುಗಿದು ಕಣದ ಕಾಳು ಮನೆ ಸೇರಿದ ಮೇಲೆ ಹರಪನಹಳ್ಳಿಯ ಕಡೆಯ ಊರುಗಳಲ್ಲಿ ಜಾತ್ರೆಗಳ ಕಾಲ ಬರುತ್ತದೆ. ಜಾತ್ರೆಯೆಂದ ಮೇಲೆ ತೇರಿನೊಡನೆ ನಾಟಕವೂ ಉಂಟು. ಕತ್ತಲಾದ ಮೇಲೆ ಮೊದಲಾದ ಆಟವು ಕೋಳಿ ಕೂಗುವವರೆಗೂ ನಡೆಯುವುದು. ತಾಯಂದಿರ ಸೆರಗು ಹೊದ್ದು ಮಲಗಿದ ಮಕ್ಕಳ ನಡುವೆ ಒಬ್ಬ ಹುಡುಗನು ಮಾತ್ರ ರೆಪ್ಪೆ ಮುಚ್ಚದೆ ಕುಳಿತಿರುತ್ತಾನೆ. ಮರುದಿನ ಅವನು ಕಂಬಳಿಯನ್ನು ಹೆಗಲಿಗೇರಿಸಿ, ಜೋಳದ ದಂಟನ್ನೇ ಗದೆಯಾಗಿ ಹಿಡಿದು ಭೀಮನಾಗುತ್ತಾನೆ. ಮನೆಯವರೆಲ್ಲ ನೋಡಿ ನಗುತ್ತಾರೆ. ಆದರೆ ಅದೇ ಹುಡುಗನು ಹದಿನೆಂಟರ ತರುಣನಾಗಿ 'ನಾನು ನಟನಾಗುತ್ತೇನೆ' ಎಂದಾಗ ಆ ನಗೆಯು ಮಾಯವಾಗುವುದು. ತಂದೆಗೆ ಹೊಲಮನೆಯ ಚಿಂತೆ. ತಾಯಿಗೆ ಮಗನು ಎಲ್ಲಿ ಕೆಟ್ಟುಹೋದಾನೋ ಎಂಬ ಭಯ. ಮಗನಿಗಾದರೋ ಬೆಂಗಳೂರಿನ ಬಸ್ಸು ಹತ್ತುವ ಆತುರ. ಇಂಥ ಮನೆಗಳಿಗಾಗಿಯೇ ನಾವು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲು ಹೇಳತಕ್ಕ ಮಾತು ಇಷ್ಟೆ: ಅಭಿನಯದ ಮೊದಲ ಮೆಟ್ಟಿಲು ಬೆಂಗಳೂರಿನಲ್ಲಿಲ್ಲ, ಅದು ತನ್ನ ಊರಿನ ತಾಲೀಮಿನ ಮನೆಯಲ್ಲಿಯೇ ಇದೆ. 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಆಟದ ನಾಡು. ಇಲ್ಲಿ ಬಯಲಾಟವುಂಟು, ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ'ಯಂಥ ಪೌರಾಣಿಕ ನಾಟಕಗಳೂ ಪಿ. ಬಿ. ಧುತ್ತರಗಿಯವರ 'ಮುದುಕನ ಮದುವೆ'ಯಂಥ ಸಾಮಾಜಿಕ ನಾಟಕಗಳೂ ಈ ಸೀಮೆಯ ಜನಕ್ಕೆ ಮನೆಮಾತು. ಹಾರ್ಮೋನಿಯಂ ಮುಂದಿಟ್ಟುಕೊಂಡು ಕುಳಿತ ಮಾಸ್ತರರ ಎದುರಿನಲ್ಲಿ, ಹಗಲೆಲ್ಲ ದುಡಿದು ದಣಿದ ಹತ್ತಾರು ಜನ ರಾತ್ರಿಯಲ್ಲಿ ಮಾತು ಕಲಿಯುವ ಆ ಸ್ಥಳಕ್ಕಿಂತ ಒಳ್ಳೆಯ ಪ್ರಥಮ ಪಾಠಶಾಲೆಯು ಹೊಸಬನಿಗೆ ದೊರೆಯಲಾರದು.

ಅಲ್ಲಿಗೆ ಹೋದ ತರುಣನು ದೊಡ್ಡ ಪಾತ್ರವನ್ನು ಕೇಳಬಾರದು. ದ್ವಾರಪಾಲಕನ ಎರಡು ಮಾತಾದರೂ ಸರಿಯೆ, ಅದನ್ನು ಕಟ್ಟಕಡೆಯ ಸಾಲಿನ ಮುದುಕನಿಗೂ ಕೇಳಿಸುವಂತೆ ಆಡಲು ಕಲಿಯಬೇಕು. ಗಂಟಲನ್ನು ಹರಿದುಕೊಂಡು ಕೂಗುವುದು ಧ್ವನಿಯಲ್ಲ. ಉಸಿರನ್ನು ತುಂಬಿಕೊಂಡು, ಅಕ್ಷರ ಅಕ್ಷರವನ್ನೂ ಬಿಡಿಸಿ ನುಡಿಯುವುದೇ ಧ್ವನಿ. ದಿನಕ್ಕೊಂದು ಪುಟವನ್ನು ಗಟ್ಟಿಯಾಗಿ ಓದುವ ಅಭ್ಯಾಸವು ಇದಕ್ಕೆ ಬಹಳ ಸಹಾಯಕವಾದುದು. ತನ್ನ ಮಾತಿನೊಡನೆ ಎದುರು ಪಾತ್ರದ ಮಾತನ್ನೂ ಬಾಯಿಪಾಠ ಮಾಡಬೇಕು. ಹಾಗೆ ಮಾಡಿದವನಿಗೆ ಮಾತ್ರ, ಎದುರಿನವನು ನುಡಿಯುವಾಗ ಸುಮ್ಮನೆ ನಿಲ್ಲದೆ ಕಿವಿಗೊಟ್ಟು ಕೇಳುವುದು ಸಾಧ್ಯವಾಗುತ್ತದೆ. ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದನು. ಹೊಸಬರ ಕಣ್ಣು ಸಾಮಾನ್ಯವಾಗಿ ಆಹಾರ್ಯದ ಮೇಲೆ, ಎಂದರೆ ಬಣ್ಣ, ಕಿರೀಟ, ಭುಜಕೀರ್ತಿಗಳ ಮೇಲೆಯೇ ಇರುವುದು. ಉಳಿದ ಮೂರು ಕೈಗೂಡದೆ ಬಣ್ಣವೊಂದರಿಂದ ನಟನಾಗಲು ಬಾರದು. ಸಂತೆಯಲ್ಲಿ ಚೌಕಾಸಿ ಮಾಡುವ ಅಜ್ಜನನ್ನು, ಮಗಳನ್ನು ಗಂಡನ ಮನೆಗೆ ಕಳುಹಿಸುವ ತಾಯಿಯನ್ನು ಕಣ್ಣಿಟ್ಟು ನೋಡಿದವನಿಗೆ ಸಾತ್ತ್ವಿಕವು ತಾನಾಗಿಯೇ ಒಲಿಯತೊಡಗುವುದು.

'ಹೊಟ್ಟೆಯ ಪಾಡೇನು?' ಎಂದು ತಂದೆಯು ಕೇಳುವ ಪ್ರಶ್ನೆಯನ್ನು ನಾವು ಅಲ್ಲಗಳೆಯುವುದಿಲ್ಲ. ಅದಕ್ಕೆ ಈ ಸೀಮೆಯ ಹಿರಿಯರೇ ಉತ್ತರವಾಗಿದ್ದಾರೆ. ಬಳ್ಳಾರಿ ರಾಘವರು (1880–1946) ವೃತ್ತಿಯಿಂದ ವಕೀಲರು. ವಕೀಲಿಯನ್ನು ನಡೆಸುತ್ತಲೇ ತೆಲುಗು, ಕನ್ನಡ, ಇಂಗ್ಲಿಷ್ ಭಾಷೆಗಳ ರಂಗದಲ್ಲಿ ಮಹಾನಟರೆನಿಸಿದರು. ಹಡಗಲಿಯ ಎಂ. ಪಿ. ಪ್ರಕಾಶರು ರಾಜ್ಯದ ಉಪಮುಖ್ಯಮಂತ್ರಿಯ ಪದವಿಯವರೆಗೆ ಏರಿದವರು. ತಮ್ಮ ಊರಿನಲ್ಲಿ 'ರಂಗಭಾರತಿ'ಯನ್ನು ಕಟ್ಟಿ ನಾಟಕಕ್ಕೆ ನೆಲೆ ಮಾಡಿಕೊಟ್ಟರು. ಕಲೆಯನ್ನು ನೆಚ್ಚಿದ ಮಾತ್ರಕ್ಕೆ ಕಸುಬನ್ನು ಬಿಡಬೇಕೆಂಬ ನಿಯಮವಿಲ್ಲ. ರಂಗವನ್ನೇ ಜೀವನವಾಗಿಸಿಕೊಂಡವರೂ ಉಂಟು. ದಾವಣಗೆರೆಯ ಚಿಂದೋಡಿ ಲೀಲಾ ಅವರು ತಂದೆಯ ಕಂಪನಿಯಲ್ಲಿ ಬಾಲ್ಯದಲ್ಲಿಯೇ ಬಣ್ಣ ಹಚ್ಚಿದವರು. 1988ರಲ್ಲಿ ಪದ್ಮಶ್ರೀಯನ್ನು ಪಡೆದರು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರು ಮನೆಯಿಂದ ದೂರವಾಗಿ, ಭಿಕ್ಷೆ ಬೇಡುವ ಕಷ್ಟವನ್ನೂ ಉಂಡು, ಕಾಳವ್ವ ಜೋಗತಿಯವರ ಬಳಿ ಕುಣಿತವನ್ನು ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಇವರಾರಿಗೂ ಕೀರ್ತಿಯು ಒಂದು ದಿನದಲ್ಲಿ ಬಂದುದಲ್ಲ.

ಮನೆ ಬಿಟ್ಟು ಓಡಿಹೋದವರೂ ದೊಡ್ಡವರಾಗಿಲ್ಲವೆ, ಎಂದು ತರುಣರು ವಾದಿಸಬಹುದು. ಬಿ. ವಿ. ಕಾರಂತರು ಹುಡುಗರಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿಯನ್ನು ಸೇರಿದ್ದು ನಿಜ. ಆದರೆ ಗುಬ್ಬಿ ವೀರಣ್ಣನವರು ಆ ಹುಡುಗನನ್ನು ಕಂಪನಿಯಲ್ಲಿಯೇ ಇಟ್ಟುಕೊಳ್ಳದೆ, ಓದಲೆಂದು ಕಾಶಿಗೆ ಕಳುಹಿಸಿಕೊಟ್ಟರೆಂಬುದನ್ನು ಮರೆಯಬಾರದು. ನಾಟಕದ ಮಹಾಯಜಮಾನರೇ ಓದನ್ನು ಮುಂದಿಟ್ಟ ಮೇಲೆ, ಶಾಲೆಯನ್ನು ಬಿಟ್ಟು ರಂಗಕ್ಕೆ ಹಾರುವವನಿಗೆ ನಾವು ಬೇರೆ ಬುದ್ಧಿ ಹೇಳಬೇಕಾದುದೇನಿದೆ?

ಊರಿನಲ್ಲಿ ಎರಡು ಮೂರು ನಾಟಕಗಳನ್ನಾಡಿ, ಆಸೆಯು ಇನ್ನೂ ಇಂಗದೆ ಉಳಿದರೆ ಆಗ ಕ್ರಮವಾದ ಶಿಕ್ಷಣವನ್ನು ಯೋಚಿಸಬಹುದು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಸಂಸ್ಥೆಯು 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ವಿದ್ಯಾರ್ಥಿಗಳು ಅಲ್ಲಿಯೇ ವಾಸವಾಗಿದ್ದು ಅಭಿನಯವನ್ನಲ್ಲದೆ ರಂಗಸಜ್ಜಿಕೆ, ಬೆಳಕು, ಪ್ರಸಾಧನಗಳನ್ನೂ ಕಲಿಯುತ್ತಾರೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿಯೂ ರಂಗಶಾಲೆಯುಂಟು. 1985ರಲ್ಲಿ ಮೊದಲಾದ ನೀನಾಸಂ ತಿರುಗಾಟ, 1997ರಲ್ಲಿ ಮೊದಲಾದ ಸಾಣೇಹಳ್ಳಿಯ ಶಿವಸಂಚಾರಗಳು ನಾಟಕಗಳನ್ನು ಹೊತ್ತು ನಾಡನ್ನು ಸುತ್ತುತ್ತವೆ. ಒಂದೇ ಪಾತ್ರವನ್ನು ಊರಿಂದೂರಿಗೆ ಹತ್ತಾರು ಸಲ ಆಡುವಾಗ ದೊರೆಯುವ ಪಾಠವು ಪುಸ್ತಕದಲ್ಲಿ ದೊರೆಯದು. ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯನ್ನು ಸೇರಲು ಪದವಿಯೂ ಬೇಕು, ರಂಗದ ಅನುಭವವೂ ಬೇಕು. ಊರ ನಾಟಕ ಮತ್ತು ಕಾಲೇಜು ಎರಡೂ ವ್ಯರ್ಥವಲ್ಲವೆಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

ಈಗ ಹಣದ ಮಾತು. ಊರ ನಾಟಕದಲ್ಲಿ ಪಾತ್ರಧಾರಿಗಳು ವಂತಿಗೆ ಹಾಕುವುದು ರೂಢಿ. ಸೀನರಿಗೆ ಇಷ್ಟು, ಮಾಸ್ತರರಿಗೆ ಇಷ್ಟು, ಹೊರಗಿನಿಂದ ಬರುವ ನಟಿಯರಿಗೆ ಇಷ್ಟು ಎಂಬ ಲೆಕ್ಕವು ಹತ್ತು ಜನರೆದುರಿನಲ್ಲಿ ನಡೆಯುವುದರಿಂದ ಅದರಲ್ಲಿ ಮೋಸವು ಕಡಿಮೆ. ಸಾಲ ಮಾಡಿ ದೊಡ್ಡ ಪಾತ್ರವನ್ನು ಕೊಳ್ಳುವ ಜಂಬವೊಂದನ್ನು ಬಿಟ್ಟರಾಯಿತು. ಆದರೆ 'ಸಿನೆಮಾದಲ್ಲಿ ಪಾತ್ರ ಕೊಡಿಸುತ್ತೇನೆ, ಇಷ್ಟು ಸಾವಿರ ಕೊಡು' ಎನ್ನುವವನ ಮಾತು ಬೇರೆ. ನಟನಿಗೆ ಕೆಲಸ ಕೊಡುವವರು ಹಣ ಕೊಡಬೇಕಲ್ಲದೆ ನಟನಿಂದಲೇ ಹಣ ಕೇಳುವುದು ಎಲ್ಲಿಯ ನ್ಯಾಯ? ತಾಯಿಯ ಓಲೆಯನ್ನು ಒತ್ತೆಯಿಟ್ಟು ತಂದ ಹಣವನ್ನು ಅಂಥವರ ಕೈಗೆ ಹಾಕಿ, ಮುಖ ತೋರಿಸಲಾರದೆ ಪಟ್ಟಣದಲ್ಲಿಯೇ ಅಲೆಯುವ ಗತಿಯು ಯಾವ ಮನೆಯ ಮಗನಿಗೂ ಬಾರದಿರಲಿ. ಮನೆಯವರಿಗೆ ತಿಳಿಸದೆ ಒಂದು ರೂಪಾಯಿಯನ್ನೂ ಕೊಡಬಾರದು. ಹೆಣ್ಣುಮಕ್ಕಳು ಅಪರಿಚಿತರ ಕರೆಗೆ ಒಬ್ಬರೇ ಹೋಗಬಾರದು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಮಗನು ಬಣ್ಣ ಹಚ್ಚಿದರೆ ಮೆಚ್ಚುವ ಊರು, ಮಗಳು ಹಚ್ಚುತ್ತೇನೆಂದರೆ ಇಂದಿಗೂ ಹುಬ್ಬೇರಿಸುತ್ತದೆ. ಹೆಣ್ಣಿನ ಪಾತ್ರಗಳನ್ನು ಹೆಣ್ಣುಮಕ್ಕಳೇ ಆಡಬೇಕೆಂದು ಬಳ್ಳಾರಿ ರಾಘವರು ತಮ್ಮ ಕಾಲದಲ್ಲಿಯೇ ದುಡಿದರು. ಬಳ್ಳಾರಿಯ ಸುಭದ್ರಮ್ಮ ಮನ್ಸೂರರ ದ್ರೌಪದಿಯನ್ನು ಕೈಮುಗಿದು ನೋಡಿದ ಜನವೇ, ತಮ್ಮ ಮಗಳನ್ನು ಮಾತ್ರ ತಡೆಯುವುದು ಸರಿಯೆ? ತಾಯಿಯು ತಾನೇ ತಾಲೀಮಿಗೆ ಜೊತೆಯಲ್ಲಿ ಹೋಗಿ ಕುಳಿತರೆ ಅರ್ಧ ಭಯವು ಹೋದಂತೆಯೇ ಸರಿ.

ತಾಯಿತಂದೆಗಳೇ, ಮಗನ ಆಸೆಯನ್ನು ಬೈದು ಅಡಗಿಸಿದರೆ ಅದು ರಾತ್ರಿಯ ಬಸ್ಸನ್ನು ಹತ್ತುವುದು. ಅಂಗಳದಲ್ಲಿಯೇ ಅದಕ್ಕೆ ಜಾಗ ಕೊಟ್ಟರೆ ಕಣ್ಣೆದುರಿನಲ್ಲಿಯೇ ಬೆಳೆಯುವುದು. ಒಂದು ವರ್ಷ ಊರ ನಾಟಕದಲ್ಲಿ ಆಡಲಿ, ಓದು ಸಾಗಲಿ. ಆಸೆಯು ಹುಸಿಯಾಗಿದ್ದರೆ ಒಂದು ತಾಲೀಮಿನ ನಿದ್ದೆಗೇಡಿನಲ್ಲಿಯೇ ಕರಗೀತು; ನಿಜವಾಗಿದ್ದರೆ ಮುಂದಿನ ಜಾತ್ರೆಯ ರಾತ್ರಿ ನೀವು ಚಾಪೆ ಹಾಸಿ ಮುಂದಿನ ಸಾಲಿನಲ್ಲಿ ಕುಳಿತು, ಎರಡೇ ಮಾತಿನ ಆ ದ್ವಾರಪಾಲಕನನ್ನು ಕಣ್ತುಂಬ ನೋಡಿರಿ. ಅವನಿಗೆ ಅದಕ್ಕಿಂತ ದೊಡ್ಡ ಬಹುಮಾನವಿಲ್ಲ.